ಆಸ್ಥಾನವಿಲ್ಲದ ಗವಾಯಿಗಳು

ಹಾಡುವವನಿಗೆ ಕಂಠವೊಂದಿದ್ದರೆ ಸಾಲದು, ಅವನಿಗೂ ಹೊಟ್ಟೆಯಿದೆ. ಸಂಗೀತದ ಇತಿಹಾಸ ಬರೆದವರು ರಾಗಗಳ ವಿಚಾರವನ್ನೂ ಘರಾಣೆಗಳ ವಿಚಾರವನ್ನೂ ವಿಸ್ತಾರವಾಗಿ ಹೇಳಿದ್ದಾರೆ. ಹಾಡುಗಾರನ ಮನೆಯ ಒಲೆ ಹೇಗೆ ಉರಿಯುತ್ತಿತ್ತು ಎಂಬುದನ್ನು ಹೇಳಿದವರು ವಿರಳ. ಆದರೆ ಯಾವ ಹಾಡು ಉಳಿಯಿತು, ಯಾವುದು ಅಳಿಯಿತು ಎಂಬ ಪ್ರಶ್ನೆಯ ಉತ್ತರ ಎಷ್ಟೋ ಸಲ ಈ ಒಲೆಯ ಬಳಿಯೇ ಸಿಕ್ಕುತ್ತದೆ.

ನಮ್ಮ ನಾಡಿನಲ್ಲಿ ಕಲಾವಿದನ ಹೊಟ್ಟೆಪಾಡಿಗೆ ಬಹುಕಾಲದಿಂದ ಮೂರು ಬಾಗಿಲುಗಳಿದ್ದವು. ಮೊದಲನೆಯದು ಅರಮನೆಯ ಬಾಗಿಲು. ಮೈಸೂರಿನ ಆಸ್ಥಾನದಲ್ಲಿ ವೀಣೆ ಶೇಷಣ್ಣನವರಿಗೂ ವಾಸುದೇವಾಚಾರ್ಯರಿಗೂ ಸಂದ ಗೌರವವನ್ನು ವಾಚಕರು ಬಲ್ಲರು. ಎರಡನೆಯದು ನಾಟಕ ಕಂಪನಿಯ ಬಾಗಿಲು. ರಂಗಗೀತೆಯನ್ನು ಎತ್ತಿ ಹಾಡಬಲ್ಲವನಿಗೆ ಅಲ್ಲಿ ಸಂಬಳವೂ ಚಪ್ಪಾಳೆಯೂ ದೊರೆಯುತ್ತಿದ್ದವು. ಮೂರನೆಯದು ಇಪ್ಪತ್ತನೆಯ ಶತಮಾನ ತೆರೆದ ಬಾಗಿಲು: ಗ್ರಾಮಫೋನು, ರೇಡಿಯೋ, ಸಿನಿಮಾ. ಈ ಮೂರರಿಂದಲೂ ಸಂಗೀತಕ್ಕೆ ಉಪಕಾರವಾಗಿದೆ. ಆದರೆ ಮೂರಕ್ಕೂ ಬೇರೆ ಯಜಮಾನರಿದ್ದರು. ಒಡೆಯನ ಮನಸ್ಸು ತಿರುಗಿದರೆ, ಕಂಪನಿ ಮುಳುಗಿದರೆ, ಕೇಳುವವರ ರುಚಿ ಬದಲಾಯಿತೆಂದು ವ್ಯಾಪಾರಿ ನಿರ್ಧರಿಸಿದರೆ, ಹಾಡುಗಾರ ಬೀದಿಗೆ ಬೀಳುತ್ತಿದ್ದನು.

ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಕನ್ನಡದ ಹಾಡುಗಾರನಿಗೆ ಈ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿಯೇ ಇದ್ದವು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಆಳಿಕೆಗೆ ಸೇರಿದ ಪ್ರದೇಶ. ಕಚೇರಿಯ ಭಾಷೆ ಉರ್ದು. ಶಾಲೆಯ ಭಾಷೆಯೂ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂದು ಆ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಅಕ್ಷರಕ್ಕೇ ಮರೆ ಬೇಕಾಗಿದ್ದ ಕಾಲದಲ್ಲಿ ಕನ್ನಡದ ಹಾಡಿಗೆ ದರ್ಬಾರು ಎಲ್ಲಿಂದ ಬರಬೇಕು?

ಆದರೂ ಹಾಡು ನಿಂತಿರಲಿಲ್ಲ. ಏಕತಾರಿ, ತಾಳ, ದಮ್ಮಡಿ ಹಿಡಿದು ಊರಿನ ಗುಡಿಯಲ್ಲೋ ಮಠದ ಕಟ್ಟೆಯ ಮೇಲೋ ಕುಳಿತು ರಾತ್ರಿಯೆಲ್ಲ ತತ್ವಪದ ಹೇಳುವವರು ಊರೂರಿಗೂ ಇದ್ದರು. ಕಲಬುರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯರೂ ಹಾಕಿಕೊಟ್ಟ ದಾರಿ ಅದು. ಆ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲ ಸಾಹೇಬರಂಥವರೂ ಇದ್ದರೆಂಬುದು ಈ ಹಾಡಿಗೆ ಜಾತಿಮತಗಳ ಬೇಲಿ ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದ ಕಟ್ಟಿದರು. ಅವರ ಗದ್ದುಗೆಯ ಸನ್ನಿಧಿಯಲ್ಲಿ ದತ್ತಜಯಂತಿಯ ಕಾಲಕ್ಕೆ ಸಂಗೀತ ಸೇವೆ ನಡೆಯುವ ಪದ್ಧತಿ ಬೆಳೆದು ಬಂದಿತು. ಮೂರು ಭಾಷೆಗಳು ಕೂಡುವ ಗಡಿಯಲ್ಲಿ ಹಾಡು ಮೂರಕ್ಕೂ ಸಲ್ಲುತ್ತಿತ್ತು.

ಭಜನೆಯ ಮೇಳದವರು ಸ್ವತಂತ್ರರು, ನಿಜ. ಅವರಿಗೆ ಇಂಥದನ್ನೇ ಹಾಡೆಂದು ಹೇಳುವ ದೊರೆಯಿರಲಿಲ್ಲ. ಆದರೆ ಆ ಸ್ವಾತಂತ್ರ್ಯದ ಬೆಲೆಯನ್ನು ಹಗಲಿನಲ್ಲಿ ತೆರಬೇಕಾಗಿತ್ತು. ರಾತ್ರಿ ಹಾಡಿದವನು ಬೆಳಗಾದರೆ ಹೊಲಕ್ಕೆ ಹೋಗಬೇಕು, ಮಗ್ಗಕ್ಕೆ ಕೂಡಬೇಕು. ಹಾಡನ್ನೇ ನಂಬಿ ಬದುಕುವುದು, ಮತ್ತು ಯಾರ ಆಳೂ ಆಗದೆ ಬದುಕುವುದು, ಈ ಎರಡೂ ಒಟ್ಟಿಗೆ ಸಾಧ್ಯವೇ? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆತ ದೊಡ್ಡ ಉತ್ತರ ಬೀದರಿನಿಂದ ಬಹುದೂರ, ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿತು. ಅದನ್ನು ಕೊಟ್ಟವರು ಕಣ್ಣಿಲ್ಲದ ಇಬ್ಬರು.

ಮೊದಲನೆಯವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಕಾಡಶೆಟ್ಟಿಹಳ್ಳಿಯ ಬಡಕುಟುಂಬದಲ್ಲಿ ಹುಟ್ಟಿದವರು. ಹೆತ್ತವರಿಟ್ಟ ಹೆಸರು ಗದಿಗೆಯ್ಯ. ಅವರ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಬಾದಾಮಿಯ ಬಳಿಯ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಈ ಹುಡುಗನ ಕಂಠವನ್ನು ಕೇಳಿ, ತಮ್ಮ ಆಶ್ರಯಕ್ಕೆ ತೆಗೆದುಕೊಂಡು, ಸಂಗೀತ ಕಲಿಸಿದರು. ಅಂಧನಾದವನು ಭಿಕ್ಷೆಗೆ ಮಾತ್ರ ತಕ್ಕವನೆಂದು ಲೋಕ ತಿಳಿದಿದ್ದ ಕಾಲದಲ್ಲಿ, ಆ ಹುಡುಗ ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತನಾಗಿ ನಿಂತನು.

ಇಷ್ಟು ವಿದ್ಯೆಯಿದ್ದವರಿಗೆ ಒಂದು ಸಂಸ್ಥಾನದ ಆಶ್ರಯ ಹುಡುಕಿಕೊಂಡು ನೆಮ್ಮದಿಯಿಂದ ಇರುವುದು ಸಹಜವಾದ ದಾರಿ. ಅವರು ಹಿಡಿದದ್ದು ಬೇರೆಯ ದಾರಿ. ಕುರುಡರು, ಅನಾಥರು, ಬಡವರು ಎಂದು ಯಾರಿಗೂ ಬೇಡವಾದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಹೊರಟರು. ಅದೊಂದು ನಡೆದಾಡುವ ಪಾಠಶಾಲೆ. ಬಿಡಾರ ಹೂಡಿದ ಊರೇ ಶಾಲೆ. ಆ ಊರಿನ ಜನ ಕೊಟ್ಟ ಜೋಳವೇ ಊಟ. ಬೆಳಗಿನಲ್ಲಿ ಸ್ವರಸಾಧನೆ, ಸಂಜೆಗೆ ಕೀರ್ತನೆ ಅಥವಾ ಗಾಯನ. ಕಲಿತ ಹುಡುಗ ಜನರೆದುರು ಕುಳಿತು ಹಾಡುವನು. ಕೇಳಿದ ಜನ ಕೊಟ್ಟದ್ದರಲ್ಲಿ ಇನ್ನೂ ಕಲಿಯಬೇಕಾದ ಹುಡುಗ ಉಣ್ಣುವನು. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಈ ಹೊಣೆಯೆಲ್ಲ ಗವಾಯಿಗಳ ಹೆಗಲಿಗೇ ಬಿದ್ದಿತು.

ಕೀರ್ತನೆಯ ಕಾಣಿಕೆ ಅಷ್ಟೊಂದು ಬಾಯಿಗೆ ಸಾಲುವುದು ಕಷ್ಟ. ಆಗ ಅವರು ಕಂಡುಕೊಂಡ ಉಪಾಯ ನಾಟಕ ಕಂಪನಿ. ಕಂಪನಿಯ ಬಾಗಿಲಲ್ಲಿ ಸಂಬಳಕ್ಕೆ ನಿಲ್ಲುವ ಬದಲು ಕಂಪನಿಯನ್ನೇ ತಮ್ಮದಾಗಿ ಮಾಡಿಕೊಂಡರೆ ಹೇಗೆ? ಹಾಡುವವರು, ನುಡಿಸುವವರು ಮನೆಯಲ್ಲೇ ಇದ್ದಾರೆ. ಹೀಗೆ ಆಶ್ರಮದ ನಾಟ್ಯಸಂಘ ಹುಟ್ಟಿತು. ನಾಟಕ ಕಂಪನಿಯ ಲೆಕ್ಕ ಬಲ್ಲವರಿಗೆ ಅದು ಎಂಥ ಸಾಹಸವೆಂಬುದು ಗೊತ್ತು: ಥೇಟರಿನ ತಗಡು, ಪರದೆ, ಉಡುಪು, ದೀಪ, ಸಾಗಾಟ, ಇವೆಲ್ಲ ಟಿಕೇಟು ಮಾರುವ ಮೊದಲೇ ಹಣ ಕೇಳುತ್ತವೆ, ಜಾತ್ರೆಯ ದಿನ ಒಂದು ದೊಡ್ಡ ಮಳೆ ಬಂದರೆ ತಿಂಗಳ ಗಳಿಕೆ ಕೊಚ್ಚಿಹೋಗುತ್ತದೆ. ಇತರ ಕಂಪನಿಗಳಲ್ಲಿ ಉಳಿದ ಹಣ ಮಾಲೀಕನಿಗೆ. ಇಲ್ಲಿ ಉಳಿದರೆ ಅದು ಹುಡುಗರ ಅನ್ನಕ್ಕೆ, ಪಾಠಕ್ಕೆ. ಸಂಗೀತವೇ ಸಂಗೀತವನ್ನು ಸಾಕುವ ಏರ್ಪಾಡು ಇದು.

ಇದರ ಫಲ ಎಂಥದೆಂಬುದು 1936ರಲ್ಲಿ ಹಂಪೆಯಲ್ಲಿ ನಾಡಿಗೆ ಕಂಡಿತು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ. ಧಾರವಾಡ ಸೀಮೆಯ ಯಲಿವಾಳದ ತರುಣನೊಬ್ಬ ಹಾಡಲು ಕುಳಿತನು. ತಬಲಾಕ್ಕೆ ಕುಳಿತವರು ಸ್ವತಃ ಗುರುಗಳೇ. ಆ ತರುಣ ಬಸವರಾಜ ರಾಜಗುರು (1917–1991). ಶಿಷ್ಯನನ್ನು ಮುಂದೆ ಕೂಡಿಸಿ ತಾನು ಪಕ್ಕವಾದ್ಯಕ್ಕೆ ಸರಿದ ಗುರುವಿನ ಈ ನಡೆಯಲ್ಲಿ ಆ ಪಾಠಶಾಲೆಯ ಧರ್ಮವೆಲ್ಲ ಅಡಗಿದೆ. ಅಲ್ಲಿ ಕೀರ್ತಿಯೂ ಅನ್ನದಂತೆಯೇ ಹಂಚಿ ಉಣ್ಣುವ ವಸ್ತುವಾಗಿತ್ತು.

ದೀರ್ಘ ಅಲೆದಾಟದ ನಂತರ ಪಾಠಶಾಲೆ ಗದುಗಿನಲ್ಲಿ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಕಟ್ಟಿದವರೊಂದಿಗೇ ಮುಗಿಯುತ್ತವೆ. ಇದು ಮುಗಿಯಲಿಲ್ಲ, ಎರಡನೆಯವರು ಸಿದ್ಧರಾಗಿದ್ದರು. ಅವರೇ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಹಾಲುಗಲ್ಲದ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡು, ಸೋದರಮಾವನ ಕೈಹಿಡಿದು ಗುರುಗಳ ಬಳಿ ಬಂದ ಹುಡುಗ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಗೆ ಒಲಿದಿದ್ದವು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದರು; ಬಸವಪುರಾಣವನ್ನು ಹಿಂದಿಯಲ್ಲಿ ಬರೆದರು. ನಾಟ್ಯಸಂಘಕ್ಕೆ ನಾಟಕ ಬೇಕಾದಾಗ ಅದನ್ನೂ ತಾವೇ ಬರೆದರು.

ಮುಂದೆ ಸಿನಿಮಾದ ಭರಾಟೆಯಲ್ಲಿ ಕಂಪನಿ ನಾಟಕಗಳು ಸೊರಗಿದವು. ಆದರೆ ಆಶ್ರಮ ಒಂದೇ ಕಂಬಕ್ಕೆ ಒರಗಿ ನಿಂತಿರಲಿಲ್ಲ. ಊರೂರಿನ ಭಕ್ತರು ಪುಟ್ಟರಾಜರಿಗೆ ತುಲಾಭಾರ ನಡೆಸತೊಡಗಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು, ಇನ್ನೊಂದರಲ್ಲಿ ನಾಣ್ಯ. ಇಳಿದು ಬಂದ ಮೇಲೆ ಆ ನಾಣ್ಯವೆಲ್ಲ ಆಶ್ರಮದ ಅಡಿಗೆಮನೆಗೆ. ಯಾವ ಒಬ್ಬ ಧನಿಕನ ದೊಡ್ಡ ದಾನವೂ ಅಲ್ಲ, ಸಾವಿರಾರು ಜನರ ಚಿಲ್ಲರೆ. ಒಬ್ಬನ ಹಣವಾಗಿದ್ದರೆ ಅವನ ಮರ್ಜಿ ಕಾಯಬೇಕಾಗುತ್ತಿತ್ತು; ಎಲ್ಲರದೂ ಆಗಿದ್ದರಿಂದ ಯಾರ ಮರ್ಜಿಯೂ ಬೇಕಾಗಲಿಲ್ಲ. 2010ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಅಗಲಿದರು. ಇನ್ನೊಂದು ಸ್ವಾರಸ್ಯವೂ ಉಂಟು. ಗವಾಯಿಗಳು ಸಿನಿಮಾದ ಬಾಗಿಲಿಗೆ ಹೋಗಲಿಲ್ಲ. ಸಿನಿಮಾವೇ ಅವರ ಬಾಗಿಲಿಗೆ ಬಂದಿತು. ಪಂಚಾಕ್ಷರಿ ಗವಾಯಿಗಳ ಜೀವನವನ್ನು ಕುರಿತ 1995ರ ಚಿತ್ರ ಸಂಗೀತ ನಿರ್ದೇಶನಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಗಳಿಸಿತು.

ಸಮುದ್ರದಾಚೆಯ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಅಮೆರಿಕದಲ್ಲಿ ಹಳ್ಳಿಯ ಹಾಡು, ಚರ್ಚಿನ ಹಾಡು, ನೀಗ್ರೋ ಜನರ ಅಳಲಿನ ಹಾಡು ಇವುಗಳ ಬೇರಿನಿಂದ ಚಿಗುರಿದ ಸಂಗೀತಕ್ಕೆ ಅಲ್ಲಿಯವರು ‘ಅಮೆರಿಕಾನಾ’ ಎನ್ನುತ್ತಾರೆ. ಆ ಹಾಡಿನ ಜಾನ್ ಪ್ರೈನ್ (1946–2020) ಮೊದಲು ಮನೆಮನೆಗೆ ಅಂಚೆ ಹಂಚುತ್ತಿದ್ದವರು. 1971ರಲ್ಲಿ ದೊಡ್ಡ ಕಂಪನಿಯೊಂದರಿಂದ ಅವರ ಮೊದಲ ಧ್ವನಿಮುದ್ರಿಕೆ ಬಂದಿತು. ಹತ್ತು ವರ್ಷ ಕಳೆಯುವುದರಲ್ಲಿ ದೊಡ್ಡ ಕಂಪನಿಗಳ ಸಹವಾಸ ಸಾಕಾಗಿ, ಗೆಳೆಯರೊಡನೆ ಸೇರಿ ತಮ್ಮದೇ ಸಣ್ಣ ಕಂಪನಿ ತೆರೆದರು. ಇನ್ನೂ ಸಿದ್ಧವಾಗದ ಹಾಡುಗಳಿಗೆ ಕೇಳುಗರು ಅಂಚೆಯಲ್ಲಿ ಮುಂಗಡ ಹಣ ಕಳಿಸಿದರು. ನಮ್ಮ ತುಲಾಭಾರಕ್ಕೂ ಆ ಮುಂಗಡದ ಲಕೋಟೆಗೂ ರೂಪದಲ್ಲಿ ಅಜಗಜಾಂತರ, ತತ್ವ ಒಂದೇ. ಹಾಡುವವನಿಗೂ ಕೇಳುವವನಿಗೂ ನಡುವೆ ಯಜಮಾನನಿಲ್ಲ.

ಆದರೆ ಸ್ವತಂತ್ರನಾಗಿ ಹಾಡುವುದು ಬೇರೆ. ಆ ಸ್ವಾತಂತ್ರ್ಯವನ್ನು ಮುಂದಿನವರಿಗೆ ಉಳಿಸಿಹೋಗುವುದು ಬೇರೆ. ಪಿ. ಕಾಳಿಂಗರಾಯರನ್ನು (1914–1981) ನೆನೆದರೆ ಇದು ಸ್ಪಷ್ಟವಾಗುತ್ತದೆ. ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿ, ರಂಗಭೂಮಿಯನ್ನೂ ಸಿನಿಮಾವನ್ನೂ ಕಂಡು, ಕೊನೆಗೆ ಅವರು ಆರಿಸಿಕೊಂಡದ್ದು ಭಾವಗೀತೆ ಮತ್ತು ಜನಪದಗೀತೆಗಳ ಸ್ವಂತ ವೇದಿಕೆಯನ್ನು. ಮೋಹನಕುಮಾರಿ, ಸೋಹನಕುಮಾರಿಯರನ್ನು ಕೂಡಿಕೊಂಡು ನಾಡೆಲ್ಲ ಹಾಡಿದರು. ಕುವೆಂಪು, ಬೇಂದ್ರೆ, ರಾಜರತ್ನಂ ಅವರ ಕವಿತೆಗಳು ಪುಸ್ತಕ ಓದದವರ ಬಾಯಿಗೂ ಬಂದದ್ದು ಆ ಕಂಠದಿಂದ. ಕನ್ನಡದಲ್ಲಿ ಸುಗಮ ಸಂಗೀತಕ್ಕೆ ದಾರಿ ತೆರೆದವರಲ್ಲಿ ಅವರು ಅಗ್ರಗಣ್ಯರು. ಆದರೆ ಅವರ ವೇದಿಕೆ ಅವರ ಕಂಠದ ಮೇಲೆ ನಿಂತಿತ್ತು. ಕಂಠ ನಿಂತ ದಿನ ವೇದಿಕೆಯೂ ಮುಗಿಯಿತು. ಹಾಡು ಉಳಿಯಿತು, ಮನೆ ಉಳಿಯಲಿಲ್ಲ. ಇದು ಅವರ ಕೊರತೆಯಲ್ಲ. ಒಂಟಿಯಾಗಿ ನಡೆದವನ ಸ್ವಾತಂತ್ರ್ಯಕ್ಕೆ ಇರುವ ಮಿತಿ. ಗದುಗಿನವರು ಹಾಡಿನ ಜೊತೆಗೆ ಒಂದು ಸೂರನ್ನೂ ಒಂದು ಶಿಷ್ಯಪರಂಪರೆಯನ್ನೂ ಕಟ್ಟಿದರು. ಅದರಿಂದಲೇ ಅವರ ಬಾಳು ಅವರ ಆಯುಷ್ಯಕ್ಕಿಂತ ದೊಡ್ಡದಾಯಿತು.

ಈಗ ಮತ್ತೆ ಭಾಲ್ಕಿಯ ಕಡೆಗೆ ನೋಡೋಣ. 1956ರಲ್ಲಿ ಬೀದರ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. 1966ರಲ್ಲಿ ಕಲಬುರ್ಗಿಗೆ ಆಕಾಶವಾಣಿ ಕೇಂದ್ರ ಬಂದಿತು. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಾಯನವನ್ನೇ ತಮ್ಮ ಸ್ವಂತ ಕಲೆಯನ್ನಾಗಿ ಮಾಡಿಕೊಂಡು ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಆದರೆ ನಿಜವಾದ ಬದಲಾವಣೆ ಇಷ್ಟು ಸದ್ದು ಮಾಡದೆ ಆಯಿತು. ಶ್ರಾವಣ ಬಂದಿತೆಂದರೆ ಈ ಭಾಗದ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳ ಪುರಾಣ ನಡೆಯುತ್ತದೆ. ಶಾಸ್ತ್ರಿಗಳು ಕಥೆ ಹೇಳಿದರೆ, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿ, ಅವನ ಪಕ್ಕದಲ್ಲಿ ತಬಲಾದವನು. ಹೀಗೆ ಕೂಡುವ ಗವಾಯಿಗಳಲ್ಲಿ ಗದುಗಿನ ಆಶ್ರಮದಲ್ಲಿ ಕಲಿತವರು ಹಲವರು. ಒಂದು ತಿಂಗಳು ಇಲ್ಲಿ ಪುರಾಣ, ಮುಂದೆ ಜಾತ್ರೆ, ನಡುವೆ ನಾಲ್ಕಾರು ಮಕ್ಕಳಿಗೆ ಪಾಠ. ದೊಡ್ಡ ಕೀರ್ತಿಯಿಲ್ಲ, ಆದರೆ ಹಾಡನ್ನೇ ನಂಬಿದ ಸಂಸಾರ ನಡೆಯುತ್ತದೆ. ಹಗಲು ಹೊಲ, ರಾತ್ರಿ ಭಜನೆ ಎಂದು ಹರಿದುಹೋಗಿದ್ದ ಬಾಳು ಇಲ್ಲಿ ಒಂದಾಗಿದೆ.

ನಗರದ ನಮಗೆ ಸಂಗೀತದ ಯಶಸ್ಸೆಂದರೆ ದೊಡ್ಡ ಸಭಾಂಗಣ, ದೊಡ್ಡ ಪ್ರಶಸ್ತಿ. ಇಂದು ಕೈಯಲ್ಲಿನ ಮೊಬೈಲಿನಿಂದಲೇ ಹಾಡನ್ನು ಲೋಕಕ್ಕೆ ಕಳಿಸಬಹುದು; ಆದರೆ ಆ ದಾರಿಗೂ ಎಲ್ಲೋ ಕುಳಿತ ಒಬ್ಬ ಯಜಮಾನನಿದ್ದಾನೆ, ಅವನ ಲೆಕ್ಕ ನಮ್ಮ ಕೈಯಲ್ಲಿಲ್ಲ. ಗವಾಯಿಗಳ ಲೆಕ್ಕ ಸರಳವಾಗಿತ್ತು: ಕೇಳುವವರನ್ನು ಹತ್ತಿರದಲ್ಲಿಟ್ಟುಕೊ, ಬಂದದ್ದನ್ನು ಹಂಚಿ ಉಣ್ಣು, ನಿನ್ನ ನಂತರ ಹಾಡುವವನನ್ನು ಈಗಲೇ ಪಕ್ಕದಲ್ಲಿ ಕೂಡಿಸಿಕೊ. ರಾಜರ ಆಸ್ಥಾನಗಳು ಹೋಗಿ ಎಷ್ಟೋ ಕಾಲವಾಯಿತು. ಗದುಗಿನ ಆಶ್ರಮದಲ್ಲಿ ಇಂದಿಗೂ ಮಕ್ಕಳು ಸ್ವರ ಕಲಿಯುತ್ತಿದ್ದಾರೆ.