ಮುಂದಿನ ಗಾಲಿಯೂ ಚುಕ್ಕಾಣಿಯೂ: ಬಿಡದಿಯ ಮೋಟಾರು ಚರಿತ್ರೆಯ ಒಂದು ಅಧ್ಯಾಯ

ಶಾಸನಗಳಿಗೂ ಕಡತಗಳಿಗೂ ಸಲ್ಲುವ ಗೌರವವು ನಮ್ಮ ಚರಿತ್ರಲೇಖನದಲ್ಲಿ ಯಂತ್ರಗಳಿಗೆ ಇನ್ನೂ ಸಂದಿಲ್ಲ. ಬಿಡದಿ ಕೈಗಾರಿಕಾ ಪ್ರದೇಶದ ವಿಷಯವನ್ನೇ ತೆಗೆದುಕೊಳ್ಳೋಣ. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1997ರಲ್ಲಿ ಸ್ಥಾಪಿತವಾಯಿತು. 1999ರ ಡಿಸೆಂಬರಿನಲ್ಲಿ ಇಲ್ಲಿ ಉತ್ಪಾದನೆ ಆರಂಭವಾಯಿತು. 2000ದಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದು, 2005ರಲ್ಲಿ ಇನ್ನೋವಾಕ್ಕೆ ಸ್ಥಾನ ಬಿಟ್ಟುಕೊಟ್ಟಿತು. ಇಷ್ಟು ಕಾರ್ಖಾನೆಯ ಚರಿತ್ರೆ. ಆದರೆ ಕಾರ್ಖಾನೆಯ ಬಾಗಿಲನ್ನು ದಾಟಿದ ವಾಹನಕ್ಕೆ ಎರಡನೆಯ ಚರಿತ್ರೆಯೊಂದುಂಟು. ಹಳೆಯ ವಾಹನದ ಮುಂದಿನ ಸಸ್ಪೆನ್ಷನ್ನನ್ನು ಮಾರ್ಪಡಿಸಿದಾಗ ತಲೆದೋರುವ ‘ಬಂಪ್ ಸ್ಟಿಯರ್’ ಎಂಬ ದೋಷವನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಚಾಲಕನು ಚುಕ್ಕಾಣಿಯನ್ನು ಅಲುಗಿಸದಿದ್ದರೂ, ಹಳ್ಳದಿಣ್ಣೆಗಳಲ್ಲಿ ಗಾಲಿಯು ಮೇಲಕ್ಕೂ ಕೆಳಕ್ಕೂ ಆಡುವಾಗ ತಾನಾಗಿ ಒಳಕ್ಕೋ ಹೊರಕ್ಕೋ ತಿರುಗುವುದೇ ಈ ದೋಷ. ಇದು ಹೊಸತಲ್ಲ. ಒಂದೇ ಅಚ್ಚಿಗೆ ಎರಡೂ ಗಾಲಿಗಳನ್ನು ಜೋಡಿಸಿ ಕಮಾನುಪಟ್ಟಿಗಳ ಮೇಲೆ ಕೂರಿಸುತ್ತಿದ್ದ ಕಾಲದಲ್ಲಿಯೂ ಅಚ್ಚಿನ ಚಲನೆ ಒಂದು ವೃತ್ತಖಂಡವನ್ನೂ, ಚುಕ್ಕಾಣಿಯ ಸರಳು ಮತ್ತೊಂದನ್ನೂ ಅನುಸರಿಸಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಮಾರಿಸ್ ಆಲಿ ಮೊದಲಾದವರು ಶ್ರಮಿಸಿದ ಫಲವಾಗಿ 1934ರ ವಾಹನಗಳಲ್ಲಿ ಸ್ವತಂತ್ರ ಮುಂಗಡ ಸಸ್ಪೆನ್ಷನ್ ಬಳಕೆಗೆ ಬಂದಿತು. ಆಗ ಪ್ರತಿ ಗಾಲಿಗೂ ತನ್ನದೇ ತೋಳುಗಳು ದೊರೆತವು. ತೋಳುಗಳಿಗೂ ಟೈ ರಾಡಿಗೂ ಹೊಂದಿಕೆಯಿರಬೇಕಾದ ಅಗತ್ಯವೂ ಹೆಚ್ಚಿತು.

ಕ್ವಾಲಿಸ್ ವಾಹನದ ಮುಂಭಾಗದಲ್ಲಿದ್ದುದು ಜೋಡಿ ವಿಷ್‌ಬೋನ್ ತೋಳುಗಳು ಮತ್ತು ಟಾರ್ಷನ್ ಬಾರ್ ಎಂಬ ತಿರುಚುವ ಉಕ್ಕಿನ ಸರಳು. ಹೆಚ್ಚು ಭಾರ ಹೊರಲೆಂದೋ, ನೆಲದಿಂದ ಎತ್ತರ ದೊರೆಯಲೆಂದೋ ಆ ಸರಳನ್ನು ಬಿಗಿದರೆ ಗಾಡಿಯ ಮುಂಭಾಗ ಏಳುತ್ತದೆ. ಆದರೆ ಕಾರ್ಖಾನೆಯು ನಿಗದಿಪಡಿಸಿದ ಎತ್ತರದ ಆಸುಪಾಸಿನಲ್ಲಿ ಸರಿಸುಮಾರು ಒಂದಾಗಿದ್ದ ಎರಡು ವೃತ್ತಖಂಡಗಳು ಈಗ ಬೇರ್ಪಡುವ ಭಾಗದಲ್ಲಿ ಗಾಲಿ ಆಡತೊಡಗುತ್ತದೆ. ಬೇರೆ ಅಳತೆಯ ಬಾಲ್ ಜಾಯಿಂಟು ಅಥವಾ ತೋಳನ್ನು ತೊಡಿಸಿದಾಗಲೂ ಇದೇ ಫಲ. ಒಂದು ಅಂಗವನ್ನು ಉತ್ತಮಪಡಿಸಿದವರು ಅದರ ನೆಂಟನನ್ನು ಮರೆತಂತಾಗುತ್ತದೆ.

ಪರಿಹಾರವು ಅಳತೆಯಿಂದ ಆರಂಭವಾಗಬೇಕು. ನಿಂತ ಗಾಡಿಯ ಅಲೈನ್‌ಮೆಂಟನ್ನು ಸರಿಪಡಿಸಿದರೆ ಈ ದೋಷ ಹೋಗದು. ಏಕೆಂದರೆ ಇದು ಚಲನೆಯ ದೋಷ. ಸವೆದ ಕೀಲುಗಳನ್ನು ಬದಲಿಸಿ, ಚುಕ್ಕಾಣಿಯನ್ನು ನೇರವಾಗಿ ಬಿಗಿದು, ಸ್ಪ್ರಿಂಗಿನ ಬಲವನ್ನು ತೆಗೆದು, ಗಾಲಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ಇಳಿಸುತ್ತ ಪ್ರತಿ ಹಂತದಲ್ಲಿಯೂ ಟೋ ಎಷ್ಟು ಬದಲಾಯಿತೆಂಬುದನ್ನು ಬರೆದುಕೊಳ್ಳಬೇಕು. ಏರುವಾಗ ಒಂದು ಕಡೆಗೂ ಇಳಿಯುವಾಗ ಇನ್ನೊಂದು ಕಡೆಗೂ ತಿರುಗಿದರೆ ಟೈ ರಾಡಿನ ಓರೆ ತಪ್ಪಿದೆಯೆಂದೂ, ಏರಿದರೂ ಇಳಿದರೂ ಒಂದೇ ಕಡೆಗೆ ತಿರುಗಿದರೆ ಅದರ ಉದ್ದ ಹೊಂದಿಲ್ಲವೆಂದೂ ಸಾಮಾನ್ಯವಾಗಿ ತಿಳಿಯಬೇಕು. ಎರಡು ತೋಳುಗಳ ರೇಖೆಗಳನ್ನು ಮುಂದುವರಿಸಿದಾಗ ಕೂಡುವ ಬಿಂದುವಿನತ್ತಲೇ ಟೈ ರಾಡಿನ ರೇಖೆಯೂ ಸಾಗಬೇಕೆಂಬುದು ಸೂತ್ರ. ಮೊದಲು ಎತ್ತರವನ್ನು ಮೂಲಸ್ಥಿತಿಗೆ ತರುವುದು, ಅನಂತರವೂ ದೋಷ ಉಳಿದರೆ ಟೈ ರಾಡಿನ ಕೊನೆಯ ಎತ್ತರವನ್ನು ತಕ್ಕ ಬಿಡಿಭಾಗದಿಂದ ಹೊಂದಿಸುವುದು ಕ್ರಮ. ಸ್ಟಿಯರಿಂಗ್ ತೋಳನ್ನು ಕಾಯಿಸಿ ಬಗ್ಗಿಸುವುದು ಉಕ್ಕಿನ ಬಲವನ್ನು ಕೆಡಿಸುವ, ಪ್ರಾಣಾಪಾಯದ ಮಾರ್ಗ.

ಈ ವಿಚಾರಕ್ಕೆ ರಸ್ತೆಯ ಚರಿತ್ರೆಯೂ ಸೇರಿಕೊಂಡಿದೆ. ಬಿಡದಿಯ ಊರೊಳಗಣ ಹಳೆಯ ಮೈಸೂರು ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಕೈಗೆ ಅಷ್ಟಾಗಿ ತಿಳಿಯದ ಎಳೆತವು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದಲ್ಲಿ ವಿಪತ್ತಿಗೆ ಕಾರಣವಾಗಬಲ್ಲುದು. ರಸ್ತೆ ಬದಲಾದಾಗ ಹಳೆಯ ಯಂತ್ರದ ಗುಣದೋಷಗಳ ಅರ್ಥವೂ ಬದಲಾಗುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಟಿಗೆ ಮಿತಿಗಳನ್ನು ವಿಧಿಸಿದೆ. ಸ್ವಂತ ಬಳಕೆಯ ಕಾರು 15 ವರ್ಷಗಳ ಬಳಿಕ ನೋಂದಣಿಯ ನವೀಕರಣಕ್ಕಾಗಿ ಪರೀಕ್ಷೆಗೆ ನಿಲ್ಲಬೇಕು. ಆದಕಾರಣ 2005ರ ಕಡೆಯ ಕ್ವಾಲಿಸ್‌ಗಳೂ 2020ರ ಹೊತ್ತಿಗೆ ಆ ಹೊಸ್ತಿಲನ್ನು ತಲಪಿದವು.

ಕಾರ್ಖಾನೆಯ ಜ್ಞಾನವು ನಕ್ಷೆಗಳಲ್ಲಿ ಭದ್ರವಾಗಿರುತ್ತದೆ. ದುರಸ್ತಿಯ ಜ್ಞಾನವು ಮೆಕ್ಯಾನಿಕರ ಕೈಯಲ್ಲಿಯೂ ನೆನಪಿನಲ್ಲಿಯೂ ಇರುತ್ತದೆ. ಹಳೆಯ ಗಾಡಿಗಳು ಗುಜರಿಗೆ ಸೇರುವಾಗ ಅವುಗಳನ್ನು ಸರಿಪಡಿಸಿದವರ ವಿದ್ಯೆಯೂ ದಾಖಲೆಯಿಲ್ಲದೆ ಅಳಿಯುವ ಸಂಭವವಿದೆ. ಬಿಡದಿ, ರಾಮನಗರ, ಚನ್ನಪಟ್ಟಣಗಳ ಕಾಲೇಜು ವಿದ್ಯಾರ್ಥಿಗಳು ಸಮೀಪದ ಗ್ಯಾರೇಜುಗಳಿಗೆ ಹೋಗಿ, ಅಳತೆಗಳನ್ನೂ ಮಾತುಗಳನ್ನೂ ಅಲ್ಲಿ ಬಳಕೆಯಲ್ಲಿರುವ ಪದಗಳನ್ನೂ ಬರೆದಿಟ್ಟರೆ, ಕೈಗಾರಿಕಾ ಕರ್ನಾಟಕದ ಚರಿತ್ರೆಗೆ ಒಂದು ಹೊಸ ಆಕರ ದೊರೆತಂತಾಗುವುದೆಂದು ನಾವು ನಂಬುತ್ತೇವೆ.