ಬರ್ಕತ್: ಲೆಕ್ಕದ ಚೀಟಿಯಲ್ಲಿ ಕಾಣದ ಮಾತು

ಮಂಜೇಶ್ವರದಲ್ಲಿ ನಮ್ಮ ಉಪ್ಪನಿಗೆ ಒಂದು ಸಣ್ಣ ದಿನಸಿ ಅಂಗಡಿ ಇತ್ತು. ಅಕ್ಕಿ ತೂಗಿ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವುದು ಅವರ ಪದ್ಧತಿ. ಕಾಲೇಜಿಗೆ ಹೋಗುತ್ತಿದ್ದ ನಾನು, ಹೀಗೆ ತಿಂಗಳಿಗೆ ಎಷ್ಟು ಅಕ್ಕಿ ನಷ್ಟ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಉಪ್ಪ ನೋಡಿ, "ಲೆಕ್ಕ ಸರಿ ಉಂಟು. ಇದರಲ್ಲಿ ಬರ್ಕತ್ ಎಲ್ಲಿ ಬರೆದಿದ್ದೀ?" ಎಂದರು.

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಇದು. ಸಲಾಮಿನ ಪೂರ್ಣ ರೂಪ ಮುಗಿಯುವುದು 'ವ ಬರಕಾತುಹು' ಎಂದು. ಈದಿನ 'ಮುಬಾರಕ್', ನೇರ್ಚೆಯಲ್ಲಿ ಹಂಚುವ 'ತಬರ್ರುಕ್' ಕೂಡ ಇದೇ ಬೇರಿನವು. ಅರಬಿಯಲ್ಲಿ ಒಂಟೆ ಮಂಡಿಯೂರಿ ಕೂರುವುದಕ್ಕೂ ಈ ಬೇರಿನ ಮಾತೇ ಬಳಕೆ. ನೀರು ನಿಲ್ಲುವ ಕೊಳ 'ಬಿರ್ಕ'. ಬಂದದ್ದು ಹರಿದುಹೋಗದೆ ನಿಲ್ಲಬೇಕು, ಇದ್ದದ್ದು ಸಾಲಬೇಕು ಎಂಬ ಭಾವ ಅಲ್ಲಿಂದಲೇ ಉಂಟು.

ಈ ಪದ ನಮ್ಮೊಬ್ಬರದ್ದೇ ಅಲ್ಲ. ದೌಲತ್ತು, ತಾಕತ್ತುಗಳ ಜೊತೆ ಪಾರಸಿ, ದಖನಿಗಳ ದಾರಿಯಲ್ಲಿ ಅದು ಕನ್ನಡಕ್ಕೂ ಬಂತು, 'ಬರಕತ್ತು' ಆಯಿತು. ಆದರೆ ಬಳಕೆ ಬೇರೆ. ಕನ್ನಡದಲ್ಲಿ ಅದು ಹೆಚ್ಚಾಗಿ ಬೈಗುಳದಲ್ಲಿ ಉಳಿದಿದೆ: "ಇವನು ಬರಕತ್ತಾಗುವುದಿಲ್ಲ" ಎಂದರೆ ಉದ್ಧಾರವಾಗುವವನಲ್ಲ ಎಂದು. ನಮ್ಮಲ್ಲಿ ಬರ್ಕತ್ ಅನ್ನಕ್ಕೆ, ಮನೆಗೆ, ಸಮಯಕ್ಕೆ, ದುಡ್ಡಿಗೆ.

ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಹುಡುಕಿದ್ದೇನೆ. 'ಸಮೃದ್ಧಿ' ಸರಿಹೋಗುವುದಿಲ್ಲ, ಅದು ರಾಶಿಯ ಮಾತು. ಹತ್ತಿರ ಬರುವುದು 'ಒದಗು'. ಹಳೆ ಅಕ್ಕಿ ಒದಗುತ್ತದೆ ಎನ್ನುತ್ತೇವಲ್ಲ, ಹಾಗೆ. ಅಳತೆ ಅಷ್ಟೇ, ಉಣ್ಣುವವರು ಹೆಚ್ಚು.

ಬ್ಯಾರಿ ಎಂಬ ಹೆಸರೇ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎನ್ನುತ್ತಾರೆ. ವ್ಯಾಪಾರಿಗೆ ಲಾಭ ಗೊತ್ತಿರಲೇಬೇಕು. ಆದರೆ ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ, ಸರಕಿನ ದೋಷ ಮುಚ್ಚಿಡದಿದ್ದರೆ ಮಾತ್ರ ಆ ವ್ಯಾಪಾರದಲ್ಲಿ ಬರ್ಕತ್ ಎಂದು ಹದೀಸಿನಲ್ಲಿದೆ. ಲಾಭ ಮತ್ತು ಬರ್ಕತ್ ಎರಡು ಬೇರೆ ಲೆಕ್ಕ ಎಂಬುದನ್ನು ಉಪ್ಪ ಕಲಿತದ್ದು ಅಲ್ಲಿಂದ.

ಆ ಅಂಗಡಿಯ ಆದಾಯದಲ್ಲೇ ನಾವು ಐದು ಮಕ್ಕಳು ಓದಿದೆವು, ಇಬ್ಬರು ತಂಗಿಯರ ಮದುವೆ ಆಯಿತು. ಮುಂದೆ ಗಲ್ಫಿನಲ್ಲಿ ಅದರ ಎಷ್ಟೋ ಪಟ್ಟು ಸಂಬಳ ಎಣಿಸಿದ ನಾನು ತಿಂಗಳ ಕೊನೆಗೆ ಸಾಲ ಕೇಳಿದ್ದೇನೆ.

ಈಗ ಹೊಸ ಮನೆ, ದೊಡ್ಡ ಕಾರು ಕಂಡ ಕೂಡಲೇ "ಬರ್ಕತ್ ಉಂಟು" ಎನ್ನುವವರಿದ್ದೇವೆ. ನಾನೂ ಅಂದಿದ್ದೇನೆ. ಅದು ಆಸ್ತಿ; ಆಸ್ತಿ ಎನ್ನೋಣ. ಬರ್ಕತ್ ಇದೆಯೋ ಇಲ್ಲವೋ ಎಂದು ಆ ಮನೆಯಲ್ಲಿ ಊಟದ ಹೊತ್ತಿಗೆ ಬಂದ ಅತಿಥಿಯನ್ನು ಕೇಳಬೇಕು.

ಉಪ್ಪ ಈಗ ಇಲ್ಲ, ಅಂಗಡಿಯೂ ಇಲ್ಲ. ಮಕ್ಕಳು ಈ ಮಾತಿನ ಅರ್ಥ ಕೇಳಿದಾಗ ನಾನು ಆ ಒಂದು ಹಿಡಿ ಅಕ್ಕಿಯ ಕಥೆ ಹೇಳುತ್ತೇನೆ.