ಹೆಪ್ಪುಗಟ್ಟಿದ ಕಾಲುಗಳ ಕಡತ

ಕೊರಿಯಾ ಯುದ್ಧದ ಪಾಠ ಮಾಡುವಾಗ ನಮ್ಮ ಕಡೆಯವರಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಒಂದು ಹೆಸರಿದೆ. 1953ರಲ್ಲಿ ಕದನ ನಿಂತ ಮೇಲೆ ಸೆರೆಯಾಳುಗಳ ವಿಚಾರ ನೋಡಿಕೊಳ್ಳಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ತಿಮ್ಮಯ್ಯನವರು. ಅಷ್ಟು ಹೇಳಿ, ಪುಟ ತಿರುವಿ, ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆದರೆ ಆ ಯುದ್ಧದ ಒಂದು ಮೂಲೆ ನನ್ನನ್ನು ಬಹಳ ದಿನ ಬಿಡದೆ ಕಾಡಿತು. ಅದು ಅಮೆರಿಕದ ಸೈನಿಕರ ಅಂಗಾಲಿನ ಕಥೆ. ಆ ಅಂಗಾಲಿಗಾಗಿ ಅವರು ನಲವತ್ತು ಐವತ್ತು ವರ್ಷ ತಮ್ಮದೇ ಸರ್ಕಾರದ ಕಚೇರಿಗಳೊಡನೆ ನಡೆಸಿದ ಪತ್ರವ್ಯವಹಾರದ ಕಥೆ.

1950ರ ನವೆಂಬರ್ ಕೊನೆ. ಉತ್ತರ ಕೊರಿಯಾದ ಬೆಟ್ಟಗಳ ನಡುವೆ ಚಾಂಗ್‌ಜಿನ್ ಎಂಬ ಜಲಾಶಯ. ಜಪಾನಿ ಹೆಸರುಗಳಿದ್ದ ನಕ್ಷೆ ಹಿಡಿದು ಹೋದ ಅಮೆರಿಕದವರು ಅದನ್ನು ಚೋಸಿನ್ ಎಂದು ಕರೆದರು. ಚೀನಾದ ಸೇನೆ ಅವರನ್ನು ಅಲ್ಲಿ ಸುತ್ತುವರಿಯಿತು. ರಾತ್ರಿಯ ಚಳಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತಿತ್ತು. ಅವರಿಗೆ ಕೊಟ್ಟಿದ್ದ ಬೂಟಿನ ಕೆಳಭಾಗ ರಬ್ಬರಿನದು. ನಡೆಯುವಾಗ ಕಾಲು ಬೆವರುತ್ತಿತ್ತು. ನಿಂತರೆ ಅದೇ ಬೆವರು ಒಳಗೇ ಮಂಜುಗಡ್ಡೆಯಾಗುತ್ತಿತ್ತು. ಒದ್ದೆ ಕಾಲ್ಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಮೈಬಿಸಿಯಲ್ಲಿ ಒಣಗಿಸಿಕೊಳ್ಳುತ್ತಿದ್ದರಂತೆ. ಎದುರು ಪಕ್ಷದವರ ಪಾಡು ಇನ್ನೂ ಕಷ್ಟ. ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದ ಚೀನೀ ಹುಡುಗರು ಸಾವಿರಾರು ಸಂಖ್ಯೆಯಲ್ಲಿ ಹಿಮಕ್ಕೆ ಸಿಕ್ಕರು. ಅವರೂ ಯಾವುದೋ ತಾಯಂದಿರ ಮಕ್ಕಳೇ.

ಡಿಸೆಂಬರಿನಲ್ಲಿ ಅಮೆರಿಕದ ಪಡೆ ಹೋರಾಡುತ್ತಲೇ ಹಂಗ್ನಾಮ್ ಬಂದರಿಗೆ ಹಿಂದಿರುಗಿತು. ಲಾರಿಗಳಲ್ಲಿ ಜಾಗವಿದ್ದದ್ದು ಗುಂಡೇಟು ತಿಂದವರಿಗೆ. ಕಾಲು ಮರಗಟ್ಟಿದವರು, ಹೆಜ್ಜೆ ಇಡಲು ಆಗುವವರೆಗೂ ನಡೆದರು. ಆ ಗದ್ದಲದಲ್ಲಿ ಯಾರ ಕಾಲಿಗೆ ಏನಾಯಿತೆಂದು ಬರೆದುಕೊಳ್ಳುವವರು ಯಾರು?

ಊರಿಗೆ ಬಂದ ಮೇಲೆ ನೋಡಿದರೆ ಬಹಳ ಜನರ ಕಾಲು ಕಾಲಿನಂತೆಯೇ ಇತ್ತು, ಬೆರಳು ಹತ್ತೂ ಇದ್ದವು. ಆದರೆ ಚಳಿಗಾಲ ಬಂತೆಂದರೆ ಉರಿ, ನೋವು, ಜೋಮು. ಉಗುರು ದಪ್ಪವಾಗಿ ವಕ್ರವಾಗುವುದು, ಸದಾ ಬೆವರು, ಚರ್ಮದ ಬಣ್ಣ ಬದಲಾಗುವುದು. ವಯಸ್ಸಾದಂತೆ ಕೀಲುನೋವು, ಅಪರೂಪಕ್ಕೆ ಹಳೆಯ ಗಾಯದ ಕಲೆಯಲ್ಲೇ ಕ್ಯಾನ್ಸರ್. ಹಿಮದ ಹೊಡೆತ ಹೀಗೆ ಹಲವು ವರ್ಷಗಳ ಮೇಲೂ ಮರಳಿ ಬರುತ್ತದೆಂಬುದು ಅವರಿಗೂ ಗೊತ್ತಿರಲಿಲ್ಲ, ಎಷ್ಟೋ ವೈದ್ಯರಿಗೂ ಗೊತ್ತಿರಲಿಲ್ಲ. ಇದು ಮುಪ್ಪು, ಇದು ಸಕ್ಕರೆ ಕಾಯಿಲೆ ಎಂದು ಹೇಳಿಬಿಡುವುದು ಸುಲಭ.

ಮಾಜಿ ಸೈನಿಕರ ಇಲಾಖೆಯಿಂದ ಅಂಗವೈಕಲ್ಯ ಪರಿಹಾರ ಬೇಕೆಂದರೆ ಮೂರು ವಿಷಯ ತೋರಿಸಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ಏನೋ ಆಯಿತು, ಅದಕ್ಕೂ ಇದಕ್ಕೂ ಸಂಬಂಧವಿದೆ. ಕೇಳಲು ಎಷ್ಟು ಸರಳ! ಚಪ್ಪಟೆ ಪಾದದ ವಿಷಯದಲ್ಲಂತೂ ಹುಟ್ಟಿನಿಂದ ಬಂದದ್ದೇ, ಸೇನೆಯಲ್ಲಿ ಆದದ್ದೇ ಎಂದು ಮೊದಲು ವಿಂಗಡಿಸಬೇಕೆಂದು ನಿಯಮವೇ ಹೇಳುತ್ತದೆ. ಸೇರುವಾಗ ವೈದ್ಯರು ಚೀಟಿಯಲ್ಲಿ ‘ಚಪ್ಪಟೆ ಪಾದ’ ಎಂದು ಬರೆದಿದ್ದರೆ, ಭಾರ ಹೊತ್ತು ನಡೆದೂ ನಡೆದೂ ಅದು ಉಲ್ಬಣಿಸಿತೆಂದು ತೋರಿಸಬೇಕಾಗುತ್ತದೆ. ಸೇನೆಗೆ ಸೇರಿಸಿಕೊಳ್ಳುವಾಗ ಅಡ್ಡಬಾರದ ಪಾದ ಹಣ ಕೊಡುವಾಗ ಅಡ್ಡ ಬರುತ್ತದೆ, ನೋಡಿ.

ಸಂಬಂಧ ತೋರಿಸಲು ಕಡತ ಬೇಕು. ಕಡತಗಳಿದ್ದದ್ದು ಸೇಂಟ್ ಲೂಯಿಸ್ ಬಳಿಯ ಒಂದು ದೊಡ್ಡ ಕಟ್ಟಡದಲ್ಲಿ. 1973ರ ಜುಲೈ 12ರಂದು ಅದರ ಆರನೆಯ ಮಹಡಿಗೆ ಬೆಂಕಿ ಬಿತ್ತು. ನಾಲ್ಕು ದಿನ ಆರಲಿಲ್ಲ. 160ರಿಂದ 180 ಲಕ್ಷ ಕಡತಗಳು ನಾಶವಾದವು. 1912ರಿಂದ 1960ರವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು, ಅವಕ್ಕೆ ಪ್ರತಿಗಳಿರಲಿಲ್ಲ. ಮರೀನ್ ಪಡೆಯವರ ಕಾಗದ ಉಳಿಯಿತು, ಆದರೆ ಅವರ ಕಾಗದದಲ್ಲೂ ಬರೆಯದೇ ಹೋದದ್ದು ಬರೆಯದೇ ಹೋಯಿತು. ಜಲಾಶಯದ ಪೂರ್ವ ದಂಡೆಯಲ್ಲಿ ನುಚ್ಚುನೂರಾದ ಪಡೆಯಾದರೋ ಭೂಸೇನೆಯದು. ಅದರಲ್ಲಿ ಬದುಕಿ ಬಂದವನು ಎಂಬತ್ತರ ದಶಕದಲ್ಲಿ ಕಾಲು ತೋರಿಸಿದರೆ, ಅವನ ದಾಖಲೆ ಸುಟ್ಟುಹೋಗಿದೆ ಎಂಬ ಉತ್ತರವೇ ಬರುವ ಸಂಭವ ಹೆಚ್ಚು.

ಹಾಗಾದರೆ ಯಾರ ಮಾತನ್ನು ನಂಬಬೇಕು? ರಣರಂಗದಲ್ಲಿದ್ದವನು ಹೇಳುವುದು ಅಲ್ಲಿನ ಪರಿಸ್ಥಿತಿಗೆ ಒಪ್ಪುವಂತಿದ್ದರೆ, ದಾಖಲೆ ಇಲ್ಲದಿದ್ದರೂ ಒಪ್ಪಬೇಕೆಂಬ ಕಾನೂನು 1941ರಿಂದಲೇ ಇತ್ತು. ಇದ್ದರೇನು, ಕಚೇರಿ ಅದನ್ನು ಪಾಲಿಸದಿದ್ದರೆ ಕೇಳಲು ನ್ಯಾಯಾಲಯವಿರಲಿಲ್ಲ. ವಕೀಲರನ್ನು ಇಡೋಣವೆಂದರೆ ಅವರ ಶುಲ್ಕ 10 ಡಾಲರ್ ಮೀರಬಾರದೆಂಬ 1864ರ ಕಟ್ಟಳೆ ನೂರಿಪ್ಪತ್ತು ವರ್ಷ ಕಳೆದರೂ ಜಾರಿಯಲ್ಲಿತ್ತು. ಸೈನಿಕರನ್ನು ಸುಲಿಗೆಯಿಂದ ಕಾಪಾಡಲು ಮಾಡಿದ್ದಂತೆ. ಹತ್ತು ಡಾಲರಿಗೆ ಯಾವ ವಕೀಲ ಬರುತ್ತಾನೆ? 1988ರಲ್ಲಿ ಇದಕ್ಕೆಂದೇ ಒಂದು ನ್ಯಾಯಾಲಯ ಹುಟ್ಟಿತು. 1990ರ ಒಂದು ತೀರ್ಪಿನಲ್ಲಿ ಅದು, ಎರಡೂ ಕಡೆಯ ಸಾಕ್ಷ್ಯ ಸರಿಸಮವಾಗಿದ್ದರೆ ಗೆಲುವು ಸೈನಿಕನದೇ ಎಂಬ ನಿಯಮವನ್ನು ಬೇಸ್‌ಬಾಲ್ ಆಟದ ಹೋಲಿಕೆ ಕೊಟ್ಟು ಬಿಡಿಸಿ ಹೇಳಿತು. ನಮ್ಮ ಮನೆಯ ಗಂಡಸರಿಗೆ ಕ್ರಿಕೆಟ್ಟಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ: ಅನುಮಾನವಿದ್ದರೆ ಬ್ಯಾಟ್ಸ್‌ಮನ್ ಔಟಲ್ಲ.

1998ರಲ್ಲಿ ಹಿಮದ ಹೊಡೆತದ ಅಳತೆಪಟ್ಟಿಯೇ ಬದಲಾಯಿತು. ಹಳೆಯ ಪಟ್ಟಿಯಲ್ಲಿ ದೊಡ್ಡ ಅಂಕ ಬೇಕಿದ್ದರೆ ಬೆರಳು ಹೋಗಿರಬೇಕಿತ್ತು. ಹೊಸದು ಜೋಮು, ನೋವು, ಉಗುರಿನ ವಿಕಾರ, ಬೆವರು, ಚರ್ಮದ ಬಣ್ಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಒಂದೊಂದು ಪಾದಕ್ಕೂ ಬೇರೆ ಬೇರೆಯಾಗಿ ನೂರಕ್ಕೆ 10, 20 ಅಥವಾ 30. ಆ ಹೊತ್ತಿಗೆ ಚೋಸಿನ್‌ನ ಹುಡುಗರಿಗೆ ಎಪ್ಪತ್ತರ ಆಸುಪಾಸು.

ನನ್ನ ಗಮನ ಹೆಚ್ಚು ಸೆಳೆದದ್ದು ಹೆಂಡತಿಯರ ಕಾಗದಗಳು. ಕಣ್ಣಾರೆ ಕಂಡದ್ದನ್ನು ಹೇಳಲು ವೈದ್ಯ ಪದವಿ ಬೇಕಿಲ್ಲವೆಂದು ಆ ನ್ಯಾಯಾಲಯ 1994ರಲ್ಲಿ ಒಪ್ಪಿತು. ಮಲಗುವಾಗಲೂ ಎರಡು ಜೊತೆ ಕಾಲ್ಚೀಲ ಹಾಕುತ್ತಾರೆ, ಬಿಸಿನೀರು ಸುಟ್ಟರೂ ಕಾಲಿಗೆ ತಿಳಿಯುವುದಿಲ್ಲ: ಇಂಥದ್ದನ್ನು ಬಲ್ಲವಳು ಮನೆಯವಳಲ್ಲದೆ ಮತ್ತಾರು? ಅವಳು ಬರೆದು ಸಹಿ ಹಾಕಿ ಕಳಿಸಿದ್ದು ಕಡತದೊಳಗೆ ವೈದ್ಯರ ವರದಿಯ ಪಕ್ಕದಲ್ಲೇ ಕೂರುತ್ತದೆ. ಅದನ್ನು ತೂಗಿ ನೋಡದೆ ತಳ್ಳಿಹಾಕುವಂತಿಲ್ಲ.

ಆದರೂ ಮೇಲ್ಮನವಿಯ ತೀರ್ಪು ಬರುವ ಮೊದಲೇ ಗಂಡ ಕಣ್ಣುಮುಚ್ಚಿದರೆ ಅವನ ಅರ್ಜಿಯೂ ಅವನೊಂದಿಗೇ ಮುಗಿಯುತ್ತಿತ್ತು. ವಿಧವೆ ತನ್ನ ಹೆಸರಿನಲ್ಲಿ ಮೊದಲಿನಿಂದ ಆರಂಭಿಸಬೇಕಿತ್ತು. ಅದು ಬದಲಾದದ್ದು 2008ರ ಅಕ್ಟೋಬರಿನಲ್ಲಿ. ಅಂದಿನಿಂದ ಆಕೆ, ಗಂಡ ತೀರಿಕೊಂಡ ಒಂದು ವರ್ಷದೊಳಗೆ ಕೇಳಿಕೊಂಡರೆ, ಅವನು ನಿಂತಿದ್ದ ಸರದಿಯಲ್ಲಿ ಅವನ ಜಾಗದಲ್ಲೇ ನಿಲ್ಲಬಹುದು.